ಕೆರೆಯ ಮೇಲೆ ಒಂದು ಎಲೆ: ಕೊಡಗಿನ ಕಿರು ಹಾರುಗಪ್ಪೆಗೆ ಬೇಕಾದದ್ದು ಏನು, ತಪ್ಪುತ್ತಿರುವುದು ಎಲ್ಲಿ

ಕೊಡಗಿನ ಮತ್ತು ಪಕ್ಕದ ವಯನಾಡಿನ ಗುಡ್ಡಗಾಡಿನಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿ, ಮೂರು ಸೆಂಟಿಮೀಟರ್‌ನಷ್ಟೇ ಉದ್ದದ ಹಸಿರು ಮರಗಪ್ಪೆಯೊಂದಿದೆ. ಪಕ್ಕೆಯುದ್ದಕ್ಕೂ ಕೆನೆಹಳದಿ ಗೆರೆ, ಬೆರಳ ತುದಿಯಲ್ಲಿ ಅಂಟಿಕೊಳ್ಳುವ ಬಿಲ್ಲೆ, ಬೆರಳುಗಳ ನಡುವೆ ಜಾಲಪೊರೆ. ಎತ್ತರದ ಕೊಂಬೆಯಿಂದ ನೆಗೆದಾಗ ಈ ಪೊರೆ ಹರಡಿಕೊಂಡು ಬೀಳುವ ವೇಗ ತಗ್ಗುತ್ತದೆ. ವಿಜ್ಞಾನದ ಹೆಸರು ರಾಕೊಫೋರಸ್ ಲ್ಯಾಟರಾಲಿಸ್. ಇಲ್ಲಿ ಅದನ್ನು ಕಿರು ಹಾರುಗಪ್ಪೆ ಎಂದು ಕರೆಯೋಣ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಜಾರ್ಜ್ ಬೂಲಂಜೆ 1883ರಲ್ಲಿ ಇದನ್ನು ಮೊದಲ ಬಾರಿಗೆ ವರ್ಣಿಸಿದರು. ಸಿಕ್ಕಿದ ಸ್ಥಳ ಎಂದು ಬರೆದಿದ್ದು ಬರೇ 'ಮಲಬಾರ್'. ಅಷ್ಟು ವಿಶಾಲವಾದ ವಿಳಾಸ ಹಿಡಿದು ಹುಡುಕುವುದು ಯಾರಿಗೂ ಸುಲಭವಲ್ಲ. ಸರೀಸೃಪ, ಕಪ್ಪೆಗಳ ತಜ್ಞ ಇಂದ್ರನೀಲ್ ದಾಸ್ ಅವರು ಕೊಡಗಿನಿಂದ ಇದರ ಮರುಶೋಧವನ್ನು ಪ್ರಕಟಿಸಿದ್ದು 2000ದಲ್ಲಿ, ನೂರು ವರ್ಷ ಕಳೆದ ಮೇಲೆ. 2004ರ ಜಾಗತಿಕ ಉಭಯವಾಸಿ ಮೌಲ್ಯಮಾಪನದಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನಂಚಿನ ಜೀವಿಗಳ ಸಾಲಿಗೆ ಸೇರಿಸಿತು. 2009ರಲ್ಲಿ ಕಪ್ಪೆಗಳ ತಜ್ಞ ಎಸ್. ಡಿ. ಬಿಜು ಇದರ ಗೂಡು ಕಟ್ಟುವ ಕ್ರಮವನ್ನು ವಿವರವಾಗಿ ದಾಖಲಿಸಿದರು. ಈ ಕಪ್ಪೆ ಯಾಕೆ ಇಷ್ಟು ಅಪರೂಪ, ಯಾಕೆ ಇಷ್ಟು ಸುಲಭವಾಗಿ ಕಳೆದುಹೋಗಬಲ್ಲದು ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಆ ಗೂಡಿನಲ್ಲಿ.

ಒಂದೇ ಎಲೆಯ ಗೂಡು

ಹೆಚ್ಚಿನ ಕಪ್ಪೆಗಳು ನೀರಿನಲ್ಲೇ ಮೊಟ್ಟೆ ಇಡುತ್ತವೆ. ಮೀನು, ನೀರುಚೇಳು, ಏರೋಪ್ಲೇನ್ ಚಿಟ್ಟೆಯ ಮರಿ, ಬೇರೆ ಕಪ್ಪೆಗಳ ಗೊದಮೊಟ್ಟೆ ಎಲ್ಲವೂ ಅವನ್ನು ತಿನ್ನುತ್ತವೆ. ಅದಕ್ಕೇ ನಮ್ಮ ಗೂಳಿಗಪ್ಪೆ ಒಂದು ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಅದರಲ್ಲಿ ಕೆಲವು ಉಳಿದರೂ ಸಾಕು. ಏಷ್ಯಾದ ಮರಗಪ್ಪೆಗಳ ಕುಟುಂಬ ಬೇರೆ ದಾರಿ ಹಿಡಿದಿದೆ: ಮೊಟ್ಟೆಯನ್ನು ನೀರಿನಿಂದ ಹೊರಗೆ ಇಡುವುದು. ಮೀನಿನ ಕಾಟ ತಪ್ಪಿತು, ಆದರೆ ಒಣಗುವ ಭಯ ಬಂತು. ಈ ಭಯಕ್ಕೆ ಒಂದೊಂದು ಗುಂಪು ಒಂದೊಂದು ಉಪಾಯ ಕಂಡುಕೊಂಡಿದೆ. ಮಲಬಾರ್ ಹಾರುಗಪ್ಪೆ ಹಿಂಗಾಲಿನಿಂದ ಲೋಳೆಯನ್ನು ಕಡೆದು ಬಿಳಿ ನೊರೆ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಪೊದೆಗಪ್ಪೆಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಳಗೇ ಪುಟ್ಟ ಕಪ್ಪೆ ತಯಾರಾಗಿ ಹೊರಬರುತ್ತದೆ.

ಕಿರು ಹಾರುಗಪ್ಪೆಯ ಉಪಾಯ ಇವೆರಡಕ್ಕಿಂತ ಭಿನ್ನ. ಮುಂಗಾರಿನ ರಾತ್ರಿ ಗಂಡುಗಳು ನಿಂತ ನೀರಿನ ಅಂಚಿನ ಗಿಡಗಳ ಮೇಲೆ ಕುಳಿತು ಕೂಗುತ್ತವೆ. ಹೆಣ್ಣು ಬಂದು, ಗಂಡನ್ನು ಬೆನ್ನ ಮೇಲೆ ಹೊತ್ತುಕೊಂಡು, ನೀರಿನ ಮೇಲೆ ಬಾಗಿರುವ ಎಲೆಯೊಂದನ್ನು ಆರಿಸಿ ಅದರ ಮೇಲೆ ಅಂಟಂಟಾದ ಲೋಳೆಯ ಜೊತೆ ಐವತ್ತರ ಆಸುಪಾಸಿನಷ್ಟು ಮೊಟ್ಟೆ ಇಡುತ್ತದೆ. ಅಲ್ಲಿಗೆ ಗಂಡಿನ ಕೆಲಸ ಮುಗಿಯಿತು, ಅದು ಹೊರಟುಹೋಗುತ್ತದೆ. ಉಳಿದದ್ದೆಲ್ಲ ಹೆಣ್ಣಿನ ಪಾಲು. ಅದು ಹಿಂಗಾಲುಗಳಿಂದ ಎಲೆಯ ಎರಡೂ ಅಂಚನ್ನು ಹಿಡಿದು ಒಳಕ್ಕೆ ಎಳೆಯುತ್ತದೆ, ಒತ್ತುತ್ತದೆ, ಸ್ವಲ್ಪ ಸರಿದು ಮತ್ತೆ ಎಳೆಯುತ್ತದೆ. ಮೊಟ್ಟೆಯ ಸುತ್ತಲಿನ ಲೋಳೆಯೇ ಗೋಂದು. ಕೊನೆಗೆ ಅರಿಶಿನ ಎಲೆಯಲ್ಲಿ ಮಡಚಿದ ಕಡುಬಿನ ಹಾಗೆ ಎಲೆ ಮುಚ್ಚಿಕೊಂಡು, ಮೊಟ್ಟೆ ಒಳಗೆ ಮರೆಯಾಗುತ್ತದೆ. ದಕ್ಷಿಣ ಅಮೆರಿಕದ ಕೆಲವು ಮರಗಪ್ಪೆಗಳೂ ಎಲೆ ಮಡಚುತ್ತವೆ. ಆದರೆ ಹೆಣ್ಣೊಂದೇ ನಿಂತು ಒಂದೇ ಎಲೆಯಲ್ಲಿ ಹೀಗೆ ಸಂಚಿ ಕಟ್ಟುವುದು ಏಷ್ಯಾದ ಮರಗಪ್ಪೆಗಳಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಮೊಟ್ಟೆಗಳಿಗೆ ಕಪ್ಪು ಬಣ್ಣವಿಲ್ಲ, ಅವು ಮಾಸಲು ಬಿಳಿ. ಬಿಸಿಲಿಗೆ ತೆರೆದುಕೊಂಡಿರುವ ಕಪ್ಪೆಮೊಟ್ಟೆಗಳಲ್ಲಿ ಕಪ್ಪು ಬಣ್ಣ ನೇರಳಾತೀತ ಕಿರಣವನ್ನು ತಡೆಯುತ್ತದೆ. ಇಲ್ಲಿ ಆ ಕೆಲಸವನ್ನು ಎಲೆಯೇ ಮಾಡುವುದರಿಂದ ಬಣ್ಣದ ಅಗತ್ಯ ಬಿದ್ದಿಲ್ಲ. ಇದರರ್ಥ, ಎಲೆ ಬಿಚ್ಚಿಕೊಂಡರೆ ಆ ಮೊಟ್ಟೆಗಳಿಗೆ ಬೇರೆ ರಕ್ಷಣೆಯೇ ಇಲ್ಲ.

ಕೆಲವು ದಿನಗಳಲ್ಲಿ ಮೊಟ್ಟೆ ಒಡೆದು ಲೋಳೆ ನೀರಾಗುತ್ತದೆ. ಮಳೆಹನಿಯ ಜೊತೆ ಗೊದಮೊಟ್ಟೆಗಳು ಎಲೆಯ ತುದಿಯಿಂದ ಜಾರಿ ಕೆಳಗಿನ ನೀರಿಗೆ ಬೀಳುತ್ತವೆ. ಮುಂದಿನ ಬೆಳವಣಿಗೆ ಅಲ್ಲೇ. ಎಲೆ ನೀರಿನಿಂದ ಒಂದಡಿ ಆಚೆಗಿದ್ದರೆ ಅವು ನೆಲಕ್ಕೆ ಬಿದ್ದು ಸಾಯುತ್ತವೆ.

ಒಟ್ಟಿನಲ್ಲಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಬೇಕಾದವು ಇಷ್ಟು: ಮಡಚಲು ಬರುವಷ್ಟು ಮೆದು ಮತ್ತು ಅಗಲವಾದ ಎಲೆ, ಅದರ ನೇರ ಕೆಳಗೆ ಹರಿಯದ ನೀರು, ಆ ನೀರಿನಲ್ಲಿ ಮೀನು ಇಲ್ಲದಿರುವುದು, ಮತ್ತು ಗೂಡು ಒಣಗದಂತೆ ಬಿಡದೆ ಜಿನುಗುವ ಮಳೆ. ಒಂದು ತಪ್ಪಿದರೂ ಆ ವರ್ಷದ ಸಂತಾನ ಹೋದಂತೆ. ಸಾವಿರಗಟ್ಟಲೆ ಮೊಟ್ಟೆ ಇಡುವ ಗೂಳಿಗಪ್ಪೆ ಒಂದು ಕೆಟ್ಟ ವರ್ಷವನ್ನು ತಾಳಿಕೊಳ್ಳುತ್ತದೆ. ಐವತ್ತು ಇಡುವ ಕಪ್ಪೆಗೆ ಸಾಲಾಗಿ ಎರಡು ಮೂರು ಕೆಟ್ಟ ವರ್ಷ ಬಂದರೆ ಆ ಕೆರೆಯಿಂದಲೇ ಅದು ಮಾಯವಾಗಬಹುದು.

ಹಳೇ ಕೆರೆ, ಹೊಸ ಕೆರೆ

ಈ ಕಪ್ಪೆ ಸಿಗುವ ಜಾಗಗಳಲ್ಲಿ ಬಹಳಷ್ಟು ಅಭಯಾರಣ್ಯದೊಳಗಿಲ್ಲ, ನೆರಳಿನ ಕಾಫಿ ತೋಟದಲ್ಲಿವೆ. ಇದು ಒಳ್ಳೆಯ ಸುದ್ದಿಯೂ ಹೌದು, ಕಷ್ಟದ ಸುದ್ದಿಯೂ ಹೌದು. ಕಾಡುಮರದ ನೆರಳು, ಕಣಿವೆಯ ತಗ್ಗಿನಲ್ಲಿ ಒಂದು ಜೌಗು, ಅದರಂಚಿಗೆ ಪೊದೆ ಇದ್ದ ಹಳೇ ತೋಟ ಕಪ್ಪೆಯ ಮಟ್ಟಿಗೆ ಕಾಡಿಗೆ ಹತ್ತಿರವೇ. ಆದರೆ ಅಲ್ಲಿ ಏನು ನಡೆಯಬೇಕು ಎನ್ನುವುದನ್ನು ತೀರ್ಮಾನಿಸುವುದು ತೋಟದ ಲೆಕ್ಕಾಚಾರ.

ಆ ಲೆಕ್ಕಾಚಾರ ನೀರಿನಿಂದ ಶುರುವಾಗುತ್ತದೆ. ಕೊಡಗಿನ ಬಹುಪಾಲು ಕಾಫಿ ರೋಬಸ್ಟಾ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಫಸಲೇ ಕೈಕೊಟ್ಟಂತೆ. ಅದಕ್ಕೆ ಸ್ಪ್ರಿಂಕ್ಲರ್. ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಲು ಒಂದು ಲಕ್ಷ ಲೀಟರ್‌ಗಿಂತ ತುಸು ಹೆಚ್ಚೇ ಬೇಕು. ಹೂವಿಗೆ ಒಂದೂವರೆ ಇಂಚು, ಮೂರು ವಾರದ ಆಚೆ ಬ್ಯಾಕಿಂಗ್ ಎನ್ನುವ ಎರಡನೇ ಸುತ್ತಿಗೆ ಇನ್ನೊಂದು ಇಂಚು ಎಂದು ಹಿಡಿದರೆ ಹತ್ತು ಎಕರೆಗೆ ಸುಮಾರು 25 ಲಕ್ಷ ಲೀಟರ್. ಮೊಣಕಾಲುದ್ದದ ಜೌಗುಕೆರೆಯಲ್ಲಿ ಇಷ್ಟು ನೀರು ನಿಲ್ಲುವುದಿಲ್ಲ. ಹಾಗಾಗಿ ಜೆಸಿಬಿ ಬರುತ್ತದೆ. ಅಂಚಿನ ಪೊದೆ, ಕೇದಗೆ, ಜೊಂಡು ಎಲ್ಲ ಕಿತ್ತು, ದಂಡೆಯನ್ನು ಕಡಿದಾಗಿ ಕೊರೆದು ಆಳದ ಕೆರೆ ಮಾಡುತ್ತಾರೆ. ನೀರು ಇಂಗುವ ಮಣ್ಣಾದರೆ ಪ್ಲಾಸ್ಟಿಕ್ ಹಾಳೆಯನ್ನೂ ಹಾಸುತ್ತಾರೆ. ಬೆಳೆಗಾರರನ್ನು ಇದಕ್ಕೆ ದೂರುವಂತಿಲ್ಲ, ಮಳೆ ಮೊದಲಿನ ಹಾಗೆ ನಂಬಿಕೆಗೆ ಬರುತ್ತಿಲ್ಲ. ಆದರೆ ಆ ಕೆರೆಯ ನೀರಿನ ಮೇಲೆ ಈಗ ಒಂದು ಎಲೆಯೂ ಬಾಗಿಲ್ಲ.

ಆಳ ಮಾಡಿದ ಕೆರೆಗೆ ಮುಂದೆ ಬರುವುದು ಮೀನು. ಇಲ್ಲಿ ಒಂದು ಸೂಕ್ಷ್ಮವಿದೆ, ಅದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಬತ್ತುವ ಕೆರೆ ಕೆಟ್ಟ ಕೆರೆ ಎಂದು ನಾವು ತಿಳಿದಿದ್ದೇವೆ. ಕಪ್ಪೆಯ ದೃಷ್ಟಿಯಲ್ಲಿ ಅದೇ ಒಳ್ಳೆಯದು. ಏಪ್ರಿಲ್‌ನಲ್ಲಿ ತಳ ಕಾಣುವ ಕೆರೆಯಲ್ಲಿ ಮೀನು ಉಳಿಯುವುದಿಲ್ಲ, ಜೂನ್‌ನಲ್ಲಿ ತುಂಬಿದಾಗ ಗೊದಮೊಟ್ಟೆಗೆ ಅದು ಹೊಸ ನೀರು. ವರ್ಷವಿಡೀ ನೀರಿರುವ ಆಳದ ಕೆರೆಗೆ ತಿಲಾಪಿಯ, ಕಾಟ್ಲ, ಸೊಳ್ಳೆ ತಡೆಯಲೆಂದು ಗ್ಯಾಂಬೂಸಿಯ ಅಥವಾ ಗಪ್ಪಿ ಬಿಟ್ಟರೆ ಎಲೆಯಿಂದ ಜಾರುವ ಗೊದಮೊಟ್ಟೆ ನೇರ ಮೀನಿನ ಬಾಯಿಗೆ. ಗ್ಯಾಂಬೂಸಿಯ ಅಂತೂ ಸೊಳ್ಳೆಮರಿಯಷ್ಟೇ ಆಸೆಯಿಂದ ಎಳೆಯ ಗೊದಮೊಟ್ಟೆಯನ್ನೂ ಕಚ್ಚುತ್ತದೆ, ಬಾಲ ಹರಿಯುತ್ತದೆ. ಮೀನಿನಿಂದ ಮೊಟ್ಟೆ ಕಾಯಲೆಂದು ಲಕ್ಷಾಂತರ ವರ್ಷ ಕಾಲ ರೂಪುಗೊಂಡ ಎಲೆಗೂಡು, ಕೆಳಗಿನ ನೀರಲ್ಲೇ ಮೀನು ಕಾದು ನಿಂತರೆ ಯಾತಕ್ಕೂ ಬಾರದು.

ದಂಡೆಯ ಕಳೆ, ಬ್ಯಾರಲ್‌ನ ಮೈಲುತುತ್ತ

ಜೂನ್–ಜುಲೈ ತೋಟದಲ್ಲಿ ಕಳೆಯ ಕಾಲ. ಕೂಲಿಯಾಳು ಸಿಗದೆ ಕತ್ತಿಯ ಜಾಗಕ್ಕೆ ವೀಡ್ ಕಟರ್ ಬಂತು, ವೀಡ್ ಕಟರ್ ಜಾಗಕ್ಕೆ ಗ್ಲೈಫೋಸೇಟ್ ಎಂಬ ಕಳೆನಾಶಕ ಬರುತ್ತಿದೆ. ಕೆರೆದಂಡೆಯನ್ನೂ ಬಿಡದೆ ಸವರಿದರೆ ಆ ವಾರದ ಗೂಡುಗಳೆಲ್ಲ ಕತ್ತರಿಸಿದ ಎಲೆಯ ಜೊತೆ ನೆಲಕ್ಕೆ ಬೀಳುತ್ತವೆ. ಕಳೆನಾಶಕವಾದರೆ ಎಲೆ ಮುರುಟಿ ಗೂಡು ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಬೆರೆಸಿರುವ, ಎಲೆಗೆ ಅಂಟಿಕೊಳ್ಳಲು ನೆರವಾಗುವ ಸಾಬೂನಿನಂಥ ರಾಸಾಯನಿಕ ಗೊದಮೊಟ್ಟೆಯ ಕಿವಿರಿಗೆ ಹಾನಿ ಮಾಡುತ್ತದೆ. ಹಲವು ಮಿಶ್ರಣಗಳಲ್ಲಿ ಗ್ಲೈಫೋಸೇಟಿಗಿಂತ ಈ ಸಹಾಯಕ ದ್ರವವೇ ನೀರಿನ ಜೀವಿಗಳಿಗೆ ಹೆಚ್ಚು ವಿಷ.

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕ ಬೋರ್ಡೋ ದ್ರಾವಣದ ವಿಷಯ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅದನ್ನು ಸಾವಯವ ತೋಟಗಳಲ್ಲೂ ಬಳಸುತ್ತಾರೆ, ನಿರಪಾಯ ಎಂದೇ ಎಲ್ಲರ ನಂಬಿಕೆ. ಕಾಫಿಯ ಎಲೆ ತುಕ್ಕು ರೋಗಕ್ಕೆ ಹೊಡೆಯುವುದು ಶೇ. 0.5ರ ದ್ರಾವಣ: 200 ಲೀಟರ್ ಬ್ಯಾರಲ್‌ಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕರಿಮೆಣಸಿನ ಸೊರಗು ರೋಗಕ್ಕೆ ಶೇ. 1, ಅಂದರೆ ಅದರ ದುಪ್ಪಟ್ಟು. ಕಾಫಿಗೆ ಮುಂಗಾರಿಗೆ ಮುಂಚೆ ಒಂದು ಸುತ್ತು, ಮೆಣಸಿಗೆ ಮೇ–ಜೂನ್‌ನಲ್ಲೊಮ್ಮೆ, ಆಗಸ್ಟ್–ಸೆಪ್ಟೆಂಬರ್‌ನ ಬಿಡುವಿನಲ್ಲಿ ಇನ್ನೊಮ್ಮೆ. ಕೆರೆಯಲ್ಲಿ ಗೊದಮೊಟ್ಟೆ ಇರುವುದೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ.

ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಹಾಗಾಗಿ ಶೇ. 0.5ರ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 1,250 ಮಿಲಿಗ್ರಾಂ ತಾಮ್ರ ಇರುತ್ತದೆ. ಹಲವು ಜಾತಿಯ ಗೊದಮೊಟ್ಟೆಗಳಿಗೆ ಲೀಟರ್ ನೀರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ತಾಮ್ರವೂ ಮಾರಕ. ಈಗ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಅರ್ಧ ಮೀಟರ್ ಆಳದ ಒಂದು ಗುಂಡಿಯನ್ನು ಊಹಿಸಿಕೊಳ್ಳಿ. ಅದರಲ್ಲಿ 3,000 ಲೀಟರ್ ನೀರು. ಸ್ಪ್ರೇ ಮುಗಿಸಿ ತಳದಲ್ಲುಳಿದ ಹತ್ತು ಲೀಟರನ್ನು ಅಲ್ಲೇ ಚೆಲ್ಲಿ, ಪಂಪು ಪೈಪು ತೊಳೆದರೆ ಲೀಟರಿಗೆ ನಾಲ್ಕು ಮಿಲಿಗ್ರಾಂ ತಾಮ್ರ ಸೇರಿತು. ಸುಣ್ಣ ಬೆರೆತಿರುವುದರಿಂದ ಅದೆಲ್ಲ ಒಮ್ಮೆಲೇ ಕರಗುವುದಿಲ್ಲ ಎನ್ನುವುದು ನಿಜ, ಬಹುಪಾಲು ಕೆಸರಿಗೆ ಇಳಿಯುತ್ತದೆ. ಆದರೆ ಮಲೆನಾಡಿನ ನೀರು ಮೆದು, ತುಸು ಹುಳಿ. ಇಂಥ ನೀರಿನಲ್ಲಿ ತಾಮ್ರ ಹೆಚ್ಚು ಕರಗುತ್ತದೆ, ಕರಗಿದ ತಾಮ್ರದ ವಿಷವೂ ಗಡಸು ನೀರಿಗಿಂತ ಹೆಚ್ಚು. ಕೆಸರಿನಲ್ಲಿ ಕೂತದ್ದನ್ನು ತಳ ಕೆರೆದು ತಿನ್ನುವ ಗೊದಮೊಟ್ಟೆ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಗಿಡಕ್ಕೆ ಹೊಡೆದ ಔಷಧಿಗಿಂತ ತೊಳೆದ ನೀರು ಇಲ್ಲಿ ದೊಡ್ಡ ಅಪರಾಧಿ, ಮತ್ತು ಅದನ್ನು ತಪ್ಪಿಸಲು ಖರ್ಚಿಲ್ಲ.

ಕಾಫಿಯ ಕಾಂಡ ಕೊರೆಯುವ ಕೀಟ ಬಿಳಿಕಾಂಡ ಕೊರಕಕ್ಕೆ ಬಳಸುವ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳ ಮಾತು ಇನ್ನೂ ಗಂಭೀರ. ಕೆರೆಗೆ ಇಳಿಯುವ ಇಳಿಜಾರಿನಲ್ಲಿ ಅವನ್ನು ಬಳಸಲೇಬಾರದು.

ನೆರಳು ಮತ್ತು ಮಳೆ

ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಈ ಕಪ್ಪೆ ಕೆರೆಬದಿಯಲ್ಲಿ ಕಾಣುವುದು ಅಪರೂಪ. ಉಳಿದ ಕಾಲ ಗಿಡಮರಗಳ ತೇವವೇ ಅದರ ಆಸರೆ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ಚರ್ಮ ಒಣಗಿದರೆ ಬದುಕಿಲ್ಲ. ಅತ್ತಿ, ಹಲಸು, ನಂದಿ, ಬೀಟೆ ಹೀಗೆ ಎತ್ತರ ತಗ್ಗು ಕಾಡುಮರಗಳು ಬೆರೆತ ನೆರಳಿನ ಕೆಳಗೆ ಮಾರ್ಚ್‌ನಲ್ಲೂ ತಂಪು ಉಳಿಯುತ್ತದೆ. ಅವನ್ನು ತೆಗೆದು ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ಹಾಕಿದ ತೋಟದಲ್ಲಿ ಬಿಸಿಲು, ಗಾಳಿ ಎರಡೂ ಒಳನುಗ್ಗುತ್ತವೆ. ಸಿಲ್ವರ್ ಓಕ್ ನೇರ ಬೆಳೆಯುತ್ತದೆ, ಮೆಣಸು ಹಬ್ಬಿಸಲು ಸಲೀಸು, ಕಡಿಯಲು ಅರಣ್ಯ ಇಲಾಖೆಯ ಅನುಮತಿಯ ತಾಪತ್ರಯವಿಲ್ಲ. ಸ್ವಂತ ತೋಟದ ಕಾಡುಮರಕ್ಕೆ ಅನುಮತಿ ಬೇಕು, ಹೊರಗಿಂದ ತಂದ ಮರಕ್ಕೆ ಬೇಡ ಎಂಬ ನಿಯಮ ಬೆಳೆಗಾರರನ್ನು ಯಾವ ಕಡೆಗೆ ತಳ್ಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಜರಿಗಿಡದಂತೆ ಸೀಳುಸೀಳಾದ ಅದರ ಎಲೆ ಮಡಚಿ ಗೂಡು ಕಟ್ಟಲು ಬರುವಂಥದ್ದಲ್ಲ.

ಮರಗಸಿಯ, ಅಂದರೆ ನೆರಳುಮರದ ಕೊಂಬೆ ಸವರುವ ಹೊತ್ತೂ ಮುಖ್ಯ. ಮುಂಗಾರಿಗೆ ಮುಂಚೆ ಕೆರೆಯ ಮೇಲಿನ ಕೊಂಬೆಗಳನ್ನೂ ಸೇರಿಸಿ ಕಡಿದರೆ, ಕಪ್ಪೆ ಕೆಳಗಿಳಿದು ಬರುವ ದಾರಿಯೂ ಹೋಯಿತು, ಗೂಡಿನ ಎಲೆಯೂ ಹೋಯಿತು.

ಮಳೆಯ ವಿಷಯದಲ್ಲಿ ಒಟ್ಟು ಎಷ್ಟು ಇಂಚು ಎನ್ನುವುದಕ್ಕಿಂತ ಅದು ಹೇಗೆ ಹಂಚಿಕೆಯಾಗುತ್ತದೆ ಎನ್ನುವುದೇ ಕಪ್ಪೆಗೆ ಲೆಕ್ಕ. ಹದಿನೈದು ದಿನ ಜಿನುಗುವ ಮಳೆ ಮೂರು ದಿನದಲ್ಲಿ ಸುರಿದುಹೋದರೆ ಮಳೆಮಾಪಕ ಒಂದೇ ಅಂಕಿ ತೋರಿಸಬಹುದು. ಆದರೆ ಸುರಿದಾಗ ಕೆರೆ ಕೋಡಿ ಹರಿದು ಗೊದಮೊಟ್ಟೆ ತೋಡಿಗೆ ಕೊಚ್ಚಿಹೋಗುತ್ತದೆ, ನಿಂತಾಗ ಎಲೆಗೂಡು ಒಣಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಜನರ ಬದುಕೇ ಮಣ್ಣಾಯಿತು. ಅಂಥ ಇಳಿಜಾರುಗಳ ಬುಡದಲ್ಲಿದ್ದ ಜೌಗು, ತೋಡುಗಳ ರೂಪವೂ ಬದಲಾಯಿತು. ಇಷ್ಟು ಚಿಕ್ಕ ವ್ಯಾಪ್ತಿಯ ಜೀವಿಗೆ ಇಂಥ ಒಂದೊಂದು ಘಟನೆಯೂ ದೊಡ್ಡದೇ.

ಪ್ರಪಂಚದ ಹಲವೆಡೆ ಕಪ್ಪೆಗಳನ್ನು ಅಳಿಸಿದ ಕೈಟ್ರಿಡ್ ಎಂಬ ಚರ್ಮದ ಶಿಲೀಂಧ್ರವೂ ಪಶ್ಚಿಮ ಘಟ್ಟದಲ್ಲಿ ಪತ್ತೆಯಾಗಿದೆ. ಆಸ್ಟ್ರೇಲಿಯ, ಮಧ್ಯ ಅಮೆರಿಕಗಳಲ್ಲಿ ಆದಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಆದರೂ ಒಂದು ತೋಡಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟಿನ ಕೆಸರು ತೊಳೆದು ಚೆನ್ನಾಗಿ ಒಣಗಿಸುವುದು ಕ್ಷೇಮ.

ತೋಟದಲ್ಲಿ ಮಾಡಬಹುದಾದದ್ದು

ದೊಡ್ಡ ಕೆರೆ ಬೇಕು, ಮೀನೂ ಬೇಕು ಎನ್ನುವ ತೋಟದಲ್ಲೂ ದಾರಿಯಿದೆ: ಬೇರೆಯೇ ಒಂದು ಚಿಕ್ಕ ಗುಂಡಿ. ಈಗಾಗಲೇ ಜೌಗು ಇರುವ ತಗ್ಗಿನಲ್ಲಿ, ಕಾಡುಮರದ ನೆರಳಿನಲ್ಲಿ, ಎರಡು ಮೂರು ಮೀಟರ್ ಅಗಲ, ಮೊಣಕಾಲುದ್ದ ಆಳ ಸಾಕು. ಒಂದು ಬದಿ ಇಳಿಜಾರಾಗಿರಲಿ. ದೊಡ್ಡ ಕೆರೆಯ ಕೋಡಿನೀರು ಇದಕ್ಕೆ ಹರಿಯದಂತೆ ಮೇಲ್ಭಾಗದಲ್ಲಿ ಒಂದು ತೋಡು ಇರಬೇಕು, ಇಲ್ಲವಾದರೆ ಮೊದಲ ಜೋರುಮಳೆಗೇ ಮೀನಿನ ಮರಿ ಬಂದು ಸೇರುತ್ತದೆ. ಸಿಮೆಂಟು, ಪ್ಲಾಸ್ಟಿಕ್ ಬೇಡ. ಬೇಸಿಗೆಯಲ್ಲಿ ಬತ್ತಿದರೆ ಬತ್ತಲಿ, ಪೈಪು ಹಾಕಿ ತುಂಬಿಸುವುದು ಬೇಡ. ಸೊಳ್ಳೆಯ ಚಿಂತೆ ಸಹಜ. ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆ ಇರುವ ಮಣ್ಣಿನ ಗುಂಡಿಯಲ್ಲಿ ಸೊಳ್ಳೆಮರಿಗೆ ಉಳಿಗಾಲ ಕಡಿಮೆ. ಮನೆಯ ಹಿಂದಿನ ಟಯರು, ಡ್ರಮ್ಮುಗಳೇ ಸೊಳ್ಳೆಯ ನಿಜವಾದ ತವರು.

ಇರುವ ಕೆರೆಯ ದಂಡೆಯಲ್ಲಿ ಕನಿಷ್ಠ ಒಂದು ಬದಿ, ನೀರಿನಿಂದ ಎರಡು ಮೂರು ಮೀಟರ್ ಅಗಲದ ಪಟ್ಟಿಯನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಕತ್ತಿ, ಕಟರ್, ಕಳೆನಾಶಕ ಯಾವುದೂ ಮುಟ್ಟದಂತೆ ಬಿಡಬೇಕು. ಸವರುವುದಿದ್ದರೆ ಜನವರಿಯಲ್ಲಿ. ಬೋರ್ಡೋ ಬೆರೆಸುವ, ತೊಳೆಯುವ ಜಾಗ ನೀರಿನಿಂದ ದೂರ, ಕೆರೆಯತ್ತ ಇಳಿಜಾರಿಲ್ಲದ ಕಡೆ ಇರಲಿ. ಉಳಿದ ದ್ರಾವಣವನ್ನು ಗಿಡಕ್ಕೇ ಹೊಡೆದು ಮುಗಿಸಿ, ತೊಳೆದ ನೀರನ್ನು ತೋಟದ ಮಣ್ಣಿಗೆ ಹರಡಿ. ಹೋಂಸ್ಟೇ ಇರುವ ತೋಟವಾದರೆ ಕೆರೆಯ ಸುತ್ತಲಿನ ದೀಪಗಳನ್ನು ಮಳೆಗಾಲದಲ್ಲಿ ರಾತ್ರಿ ಆರಿಸುವುದು ಒಳ್ಳೆಯದು, ಜೋರು ಬೆಳಕಿನಡಿ ಗಂಡುಕಪ್ಪೆಗಳು ಕೂಗು ನಿಲ್ಲಿಸಬಹುದು.

ಕಂಡಾಗ ಗುರುತಿಸುವುದು ಹೇಗೆ? ನೀರಿನ ಮೇಲೆ ತೂಗುವ, ಮುಷ್ಟಿಗಾತ್ರದ ಬಿಳಿ ನೊರೆ ಕಂಡರೆ ಅದು ಮಲಬಾರ್ ಹಾರುಗಪ್ಪೆಯದು. ಆ ಕಪ್ಪೆ ಹತ್ತು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ, ಅದರ ಗೂಡಿಗೂ ಕೆಲವೊಮ್ಮೆ ಎಲೆಗಳು ಸುತ್ತಿಕೊಂಡಿರುತ್ತವೆ. ತೊಟ್ಟಿಯ ಗೋಡೆಗೆ ನೊರೆ ಅಂಟಿಸುವ, ಮನೆಯೊಳಗೂ ಬರುವ ಕಂದುಬಣ್ಣದ್ದು ಸಾಮಾನ್ಯ ಮರಗಪ್ಪೆ. ಒಂದೇ ಎಲೆ ಉದ್ದಕ್ಕೆ ಮಡಚಿ ಅಂಟಿಕೊಂಡಿದ್ದು, ಕೆಳಗೆ ನಿಂತ ನೀರಿದ್ದು, ಹತ್ತಿರದಲ್ಲಿ ಪಕ್ಕೆಗೆರೆಯ ಪುಟ್ಟ ಹಸಿರು ಕಪ್ಪೆ ಕೂತಿದ್ದರೆ ಅದು ಕಿರು ಹಾರುಗಪ್ಪೆಯ ಗೂಡಾಗಿರುವ ಸಾಧ್ಯತೆ ಹೆಚ್ಚು. ಎಲೆ ಮಡಚುವ ಹುಳು, ಜೇಡಗಳೂ ಇವೆ, ಅವು ರೇಷ್ಮೆನೂಲಿನಿಂದ ಹೊಲಿದಿರುತ್ತವೆ. ಇಲ್ಲಿ ನೂಲು ಕಾಣುವುದಿಲ್ಲ, ಅಂಚಿನಲ್ಲಿ ಲೋಳೆ ಮಿನುಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಎಲೆ ಬಿಚ್ಚಬೇಡಿ. ಒಮ್ಮೆ ಬಿಟ್ಟ ಅಂಟು ಮತ್ತೆ ಕೂರುವುದಿಲ್ಲ, ಹೆಣ್ಣು ಮರಳಿ ಬಂದು ಸರಿಮಾಡುವುದೂ ಇಲ್ಲ. ಹೊರಗಿನಿಂದ ಎರಡು ಫೋಟೊ, ರಾತ್ರಿಯ ಕೂಗಿನ ಒಂದು ನಿಮಿಷದ ಮೊಬೈಲ್ ರೆಕಾರ್ಡಿಂಗ್, ದಿನಾಂಕ, ಊರು, ನೀರಿನಿಂದ ಎಲೆಯ ಎತ್ತರ, ಕೆರೆಯಲ್ಲಿ ಮೀನು ಇದೆಯೋ ಇಲ್ಲವೋ, ಇಷ್ಟನ್ನು ಜೀವಿಗಳ ದಾಖಲೆ ಕೂಡಿಡುವ ಜಾಲತಾಣಗಳಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಸೇರಿಸಿದರೆ ಜಾತಿ ಗುರುತಿಸಬಲ್ಲವರು ನೋಡುತ್ತಾರೆ. ಮೀನಿನ ವಿಷಯವನ್ನು ಹೆಚ್ಚಿನವರು ಬರೆಯಲು ಮರೆಯುತ್ತಾರೆ. ಅದನ್ನು ಮಾತ್ರ ಬಿಡಬೇಡಿ.